ಚಾಲೂ ಆಗದ ಲ್ಯಾಪ್‌ಟಾಪ್‌ಗೆ ಫಾರ್ಮ್ಯಾಟ್ ಒಂದೇ ಮದ್ದೇ?

ಕಂಪ್ಯೂಟರ್ ರಿಪೇರಿಯ ಲೋಕದಲ್ಲಿ ಒಂದು ಸಿದ್ಧೌಷಧವಿದೆ. ಯಂತ್ರಕ್ಕೆ ಯಾವ ರೋಗವೇ ಬರಲಿ, ಬರೆದುಕೊಡುವ ಮದ್ದು ಒಂದೇ: ‘ಫಾರ್ಮ್ಯಾಟ್ ಹೊಡೀರಿ’. ನವಲಗುಂದ, ಕುಂದಗೋಳ, ಕಲಘಟಗಿ, ಅಣ್ಣಿಗೇರಿಯಂಥ ಊರುಗಳ ಶಿಕ್ಷಕರೂ ವಿದ್ಯಾರ್ಥಿಗಳೂ ಲ್ಯಾಪ್‌ಟಾಪನ್ನು ಚೀಲಕ್ಕೆ ಹಾಕಿಕೊಂಡು, ಬಸ್ಸು ಹತ್ತಿ ಹುಬ್ಬಳ್ಳಿಗೆ ಹೋಗಿ, ಹಣ ಕೊಟ್ಟು ಈ ಮದ್ದು ಹಾಕಿಸಿಕೊಂಡು ಬರುತ್ತಾರೆ. ಯಂತ್ರ ಚಾಲೂ ಆಗುತ್ತದೆ. ಅದರಲ್ಲಿದ್ದ ಪ್ರಶ್ನೆಪತ್ರಿಕೆಗಳು, ಅಂಕಪಟ್ಟಿ, ಪ್ರಾಜೆಕ್ಟ್ ವರದಿ, ಮನೆಯವರ ಫೋಟೋಗಳು ಮಾತ್ರ ಮರಳಿ ಬರುವುದಿಲ್ಲ. ಡಿಸ್ಕಿನ ವಿಭಾಗಗಳನ್ನು, ಅಂದರೆ ಪಾರ್ಟಿಷನ್‌ಗಳನ್ನು ಬದಲಿಸಿದ ಮೇಲೆ ಲ್ಯಾಪ್‌ಟಾಪ್ ಚಾಲೂ ಆಗದಿದ್ದರೆ ಈ ಮದ್ದು ಬಹುಮಟ್ಟಿಗೆ ಅನಗತ್ಯ. ಎಷ್ಟೋ ಸಲ ಅದು ರೋಗಕ್ಕಿಂತ ಕೆಟ್ಟದ್ದು. ಹೀಗೇಕೆ ಎಂಬುದನ್ನು ಇಲ್ಲಿ ಪರಿಶೀಲಿಸೋಣ. ಜೊತೆಗೆ ಈ ಮದ್ದನ್ನು ನಾವು ಪ್ರಶ್ನಿಸದೆ ನುಂಗುವಂತೆ ಮಾಡಿರುವ ನಮ್ಮ ಕಂಪ್ಯೂಟರ್ ಪಾಠವನ್ನೂ ನೋಡೋಣ.

ಈ ತೊಂದರೆ ಎಲ್ಲಿಂದ ಬಂತು?

ಒಂದೇ ಡಿಸ್ಕಿನಲ್ಲಿ ಎರಡು ಕಾರ್ಯಾಚರಣ ವ್ಯವಸ್ಥೆಗಳನ್ನು ಇಟ್ಟುಕೊಳ್ಳುವುದು ನಮ್ಮ ಶಾಲಾ ಕಾಲೇಜುಗಳಿಗೆ ಹೊಸದಲ್ಲ. 2011ರಲ್ಲಿ ನಮ್ಮ ರಾಜ್ಯದಲ್ಲಿ ಆರಂಭವಾದ ವಿಷಯ ಶಿಕ್ಷಕರ ವೇದಿಕೆ ಕಾರ್ಯಕ್ರಮದಲ್ಲಿ ಪ್ರೌಢಶಾಲಾ ಶಿಕ್ಷಕರು ಉಬುಂಟು ಬಳಸಲು ಕಲಿತರು. ಮನೆಯ ಯಂತ್ರದಲ್ಲಿ ವಿಂಡೋಸ್ ಇದ್ದವರು ಅದರ ಪಕ್ಕದಲ್ಲೇ ಉಬುಂಟುವನ್ನೂ ಹಾಕಿಕೊಂಡರು. 2020ರಲ್ಲಿ ಸರ್ಕಾರಿ ಪದವಿ ಕಾಲೇಜುಗಳ ವಿದ್ಯಾರ್ಥಿಗಳಿಗೆ ಉಚಿತ ಲ್ಯಾಪ್‌ಟಾಪ್ ಹಂಚಿಕೆಯಾದಾಗ ಹಳ್ಳಿಯ ಎಷ್ಟೋ ಮನೆಗಳಿಗೆ ಮೊದಲ ಕಂಪ್ಯೂಟರ್ ಬಂತು. 2025ರ ಅಕ್ಟೋಬರ್ 14ರಂದು ವಿಂಡೋಸ್ 10ಕ್ಕೆ ಸಾಮಾನ್ಯ ಬೆಂಬಲ ನಿಂತಿತು. ವಿಂಡೋಸ್ 11ರ ಷರತ್ತುಗಳಿಗೆ ಹೊಂದದ ಹಳೆಯ ಯಂತ್ರಗಳನ್ನು ಇಟ್ಟುಕೊಂಡವರು ಲಿನಕ್ಸ್ ಹಾಕಿ ನೋಡುವುದು ಸಹಜ. ಹೀಗೆ ವಿಭಾಗಗಳನ್ನು ಕತ್ತರಿಸುವ, ಕೂಡಿಸುವ ಕೈಗಳು ಹೆಚ್ಚುತ್ತಿವೆ.

ಅಣ್ಣಿಗೇರಿಯ ಒಬ್ಬ ಬಿ.ಎಸ್ಸಿ. ವಿದ್ಯಾರ್ಥಿಯನ್ನು ಕಲ್ಪಿಸಿಕೊಳ್ಳಿ. ಅವನದು 500 ಜಿಬಿ ಹಾರ್ಡ್ ಡಿಸ್ಕ್ ಇರುವ ಹಳೆಯ ಲ್ಯಾಪ್‌ಟಾಪ್. ಸಿ ಡ್ರೈವ್ ತುಂಬಿದೆ. ವಿಂಡೋಸಿನ ಡಿಸ್ಕ್ ನಿರ್ವಹಣೆಯ ಪರದೆಯಲ್ಲಿ ಹೆಸರೂ ಅಕ್ಷರವೂ ಇಲ್ಲದ 100 ಜಿಬಿ ವಿಭಾಗವೊಂದು ಕಾಣುತ್ತದೆ. ‘ಖಾಲಿ ಬಿದ್ದಿದೆ’ ಎಂದುಕೊಂಡು ಅದನ್ನು ಅಳಿಸುತ್ತಾನೆ. ಮರುದಿನ ಯಂತ್ರ ಒತ್ತಿದರೆ ಕಪ್ಪು ಪರದೆಯ ಮೇಲೆ ‘ನೋ ಸಚ್ ಪಾರ್ಟಿಷನ್’ ಎಂಬ ಸಾಲು, ಅದರ ಕೆಳಗೆ ‘ಗ್ರಬ್ ರೆಸ್ಕ್ಯೂ’. ವಿಂಡೋಸಿನ ಒಂದು ಕಡತವನ್ನೂ ಅವನು ಮುಟ್ಟಿಲ್ಲ. ಆದರೂ ವಿಂಡೋಸ್ ಬರುತ್ತಿಲ್ಲ. ಏಕೆ?

ಉತಾರ ಮತ್ತು ಹೊಲ

ಪಹಣಿಗೆ ನಮ್ಮ ಕಡೆ ಉತಾರ ಎನ್ನುತ್ತಾರೆ. ಸರ್ವೆ ನಂಬರು ಯಾವುದು, ಹಿಸ್ಸಾ ಯಾವುದು, ವಿಸ್ತೀರ್ಣ ಎಷ್ಟು ಎಂಬುದೆಲ್ಲ ಅದರಲ್ಲಿರುತ್ತದೆ. ಉತಾರ ಹರಿದುಹೋದರೆ ಎರೆಹೊಲದಲ್ಲಿ ನಿಂತ ಕಡಲೆ ಒಣಗುವುದಿಲ್ಲ. ಹೊಲ ಅಲ್ಲೇ ಇರುತ್ತದೆ. ಅದು ಎಲ್ಲಿಂದ ಎಲ್ಲಿಯವರೆಗೆ ಎಂದು ಹೇಳುವ ಕಾಗದ ಮಾತ್ರ ಇಲ್ಲವಾಗುತ್ತದೆ.

ಡಿಸ್ಕಿನ ಉತಾರಕ್ಕೆ ವಿಭಾಗ ಕೋಷ್ಟಕ ಎನ್ನಬಹುದು. ಹಳೆಯ ಕ್ರಮದ ಡಿಸ್ಕಿನಲ್ಲಿ ಮೊಟ್ಟಮೊದಲ ಸೆಕ್ಟರ್ 512 ಬೈಟ್‌ಗಳದ್ದು. ಅದರಲ್ಲಿ 446 ಬೈಟ್‌ಗಳು ಚಾಲನೆಯ ಪುಟ್ಟ ಸಂಕೇತ, 64 ಬೈಟ್‌ಗಳು ವಿಭಾಗ ಕೋಷ್ಟಕ, ಕೊನೆಯ 2 ಬೈಟ್‌ಗಳು ಗುರುತಿನ ಮುದ್ರೆ. ಕೋಷ್ಟಕದಲ್ಲಿ ತಲಾ 16 ಬೈಟ್‌ಗಳ 4 ನಮೂದುಗಳು. ಪ್ರತಿಯೊಂದು ನಮೂದೂ ವಿಭಾಗ ಯಾವ ಸೆಕ್ಟರಿನಿಂದ ಆರಂಭ, ಎಷ್ಟು ಸೆಕ್ಟರು ಉದ್ದ ಎಂದು ಹೇಳುತ್ತದೆ. ವಿಭಾಗ ಅಳಿಸಿದಾಗ ಅಳಿಯುವುದು ಈ ನಮೂದು. 500 ಜಿಬಿಯ ಡಿಸ್ಕಿನಲ್ಲಿ 64 ಬೈಟ್ ಎಂದರೆ ಸುಮಾರು 780 ಕೋಟಿಯಲ್ಲಿ ಒಂದು ಪಾಲು! ಅಷ್ಟು ಕೆಟ್ಟಿದ್ದಕ್ಕೆ ಉಳಿದದ್ದನ್ನೆಲ್ಲ ಬಲಿ ಕೊಡುವುದು ಉತಾರ ಹರಿಯಿತೆಂದು ಹೊಲಕ್ಕೆ ಬೆಂಕಿ ಇಟ್ಟಂತೆ.

ನಮ್ಮ ವಿದ್ಯಾರ್ಥಿಯ ಯಂತ್ರದಲ್ಲಿ ಉಬುಂಟು ಹಾಕಿದ್ದಾಗ ಮೊದಲ ಸೆಕ್ಟರಿನ ಸಂಕೇತ ಬದಲಾಗಿತ್ತು. ಅದು ಮುಂದಿನ ದಾರಿಯನ್ನು ಲಿನಕ್ಸ್ ವಿಭಾಗದೊಳಗೆ ಹುಡುಕುತ್ತಿತ್ತು. ಆ ವಿಭಾಗವೇ ಹೋದದ್ದರಿಂದ ಅದು ದಾರಿಯಲ್ಲೇ ನಿಂತಿತು. ವಿಂಡೋಸ್ ಪಕ್ಕದ ಹೊಲದಲ್ಲಿ ಸುರಕ್ಷಿತವಾಗಿದೆ. ಅಲ್ಲಿಗೆ ಕರೆದೊಯ್ಯುವವರು ಇಲ್ಲ, ಅಷ್ಟೆ.

ಯಾವ ಮುಖ್ಯ ವಿಭಾಗವನ್ನೂ ಅಳಿಸದೆ ಇದೇ ತೊಂದರೆ ಬರುವುದುಂಟು. ಹಳೆಯ ಕ್ರಮದಲ್ಲಿ ತಾರ್ಕಿಕ ವಿಭಾಗಗಳಿಗೆ 5ರಿಂದ ಮುಂದೆ ಸಂಖ್ಯೆ ಬೀಳುತ್ತದೆ. 5ನೆಯದನ್ನು ತೆಗೆದರೆ 6ನೆಯದು ತಾನಾಗಿ 5 ಆಗುತ್ತದೆ. ಚಾಲನಾ ಸಂಕೇತ ಮಾತ್ರ 6ನ್ನೇ ಹುಡುಕುತ್ತಿರುತ್ತದೆ. ಹಿಸ್ಸಾ ನಂಬರು ಬದಲಾದ ಮೇಲೆ ಹಳೆಯ ನಂಬರಿಗೆ ನೋಟೀಸು ಕಳಿಸಿದ ಹಾಗೆ.

ನಂತರದ ವರ್ಷಗಳಲ್ಲಿ ಬಳಕೆಗೆ ಬಂದ ಹೊಸ ಕ್ರಮಕ್ಕೆ ಜಿಪಿಟಿ ಎಂದು ಹೆಸರು. ಇಲ್ಲಿ ಸಾಮಾನ್ಯವಾಗಿ 128 ನಮೂದುಗಳಿಗೆ ಜಾಗವಿದೆ. ಕೋಷ್ಟಕದ ಇನ್ನೊಂದು ಪ್ರತಿ ಡಿಸ್ಕಿನ ಕೊನೆಯಲ್ಲಿರುತ್ತದೆ. ಮೊದಲ ಪ್ರತಿ ಕೆಟ್ಟರೆ ಎರಡನೆಯದು ನೆರವಾಗುತ್ತದೆ. ಆದರೆ ಉಪಕರಣ ಬಳಸಿ ನೀವೇ ವಿಭಾಗ ಅಳಿಸಿದರೆ ಎರಡೂ ಪ್ರತಿಗಳಿಂದ ಅಳಿಯುತ್ತದೆ ಎಂಬುದನ್ನು ಮರೆಯಬಾರದು. ಈ ಯಂತ್ರಗಳಲ್ಲಿ ಯುಇಎಫ್ಐ ಎಂಬ ಮೂಲ ತಂತ್ರಾಂಶ ಮೊದಲ ಸೆಕ್ಟರಿನ ಸಂಕೇತವನ್ನು ಓದುವುದೇ ಇಲ್ಲ. ತನ್ನ ಸ್ಮೃತಿಯಲ್ಲಿರುವ ಪಟ್ಟಿಯನ್ನು ನೋಡಿ, ಡಿಸ್ಕಿನ ಒಂದು ಸಣ್ಣ ಇಎಫ್ಐ ವಿಭಾಗದಲ್ಲಿರುವ ಚಾಲನಾ ಕಡತವನ್ನು ನೇರವಾಗಿ ಕರೆಯುತ್ತದೆ.

ಸರಪಳಿ ಎಲ್ಲಿ ಕಡಿದಿದೆ?

ವಿದ್ಯುನ್ಮಂಡಲ ಕೆಲಸ ಮಾಡದಿದ್ದರೆ ನಾವು ಪ್ರಯೋಗಾಲಯದಲ್ಲಿ ಏನು ಮಾಡುತ್ತೇವೆ? ಕೋಶದಿಂದ ಆರಂಭಿಸಿ ಒಂದೊಂದೇ ಜೋಡಣೆಯನ್ನು ಪರೀಕ್ಷಿಸುತ್ತೇವೆ. ಇಲ್ಲಿಯೂ ಅದೇ ಕ್ರಮ ಸಾಕು. ಪರದೆಯೇ ನಮ್ಮ ಮಾಪಕ.

ದೀಪ ಹೊತ್ತದೆ, ಕಂಪನಿಯ ಚಿಹ್ನೆಯೂ ಮೂಡದಿದ್ದರೆ ದೋಷ ಯಂತ್ರಾಂಶದ್ದು, ವಿಭಾಗಗಳದ್ದಲ್ಲ. ಚಿಹ್ನೆ ಮೂಡಿ ‘ನೋ ಬೂಟಬಲ್ ಡಿವೈಸ್’ ಎಂದು ಬಂದರೆ ಮೂಲ ತಂತ್ರಾಂಶಕ್ಕೆ ಡಿಸ್ಕ್ ಅಥವಾ ಚಾಲನಾ ಕಡತ ಸಿಗುತ್ತಿಲ್ಲ. ‘ಗ್ರಬ್ ರೆಸ್ಕ್ಯೂ’ ಬಂದರೆ ಚಾಲನಾ ಸಂಕೇತದ ಮೊದಲ ತುಣುಕು ಓಡಿದೆ, ಉಳಿದ ತುಣುಕು ಸಿಕ್ಕಿಲ್ಲ. ಆಯ್ಕೆಯ ಪಟ್ಟಿ ಬಂದು, ಲಿನಕ್ಸ್ ಅರ್ಧ ಓಡಿ ‘ಎಮರ್ಜೆನ್ಸಿ ಮೋಡ್’ ಎಂದು ನಿಂತರೆ, ಅದು ಜೋಡಿಸಿಕೊಳ್ಳಬೇಕಾದ ವಿಭಾಗಗಳಲ್ಲಿ ಒಂದು ಕಾಣುತ್ತಿಲ್ಲ ಎಂದು ಶಂಕಿಸಬೇಕು. ನಾಲ್ಕು ಲಕ್ಷಣ, ನಾಲ್ಕು ಕಾರಣ. ಇವೆಲ್ಲಕ್ಕೂ ಒಂದೇ ಮದ್ದು ಕೊಡುವುದು ಜ್ವರಕ್ಕೂ ಮೂಳೆಮುರಿತಕ್ಕೂ ಒಂದೇ ಗುಳಿಗೆ ಕೊಟ್ಟಂತೆ.

ಮೂರು ಸಲಹೆಗಳ ಪರೀಕ್ಷೆ

ಮೊದಲನೆಯದು ಅಂಗಡಿಯ ಸಲಹೆ. ರಿಪೇರಿ ಮಾಡುವವರ ಕಷ್ಟವನ್ನೂ ಒಪ್ಪಬೇಕು. ಹೊಸದಾಗಿ ವ್ಯವಸ್ಥೆ ಹಾಕುವುದು ಒಂದೆರಡು ಗಂಟೆಯ ಕೆಲಸ, ಫಲ ಖಚಿತ. ದೋಷ ಹುಡುಕಲು ಅರ್ಧ ದಿನ ಹಿಡಿಯಬಹುದು; ಆ ಸಮಯಕ್ಕೆ ಹಣ ಕೊಡುವ ಗಿರಾಕಿ ಇಲ್ಲ. ಆದರೆ ‘ನಿಮ್ಮ ಕಡತಗಳು ಇನ್ನೂ ಇರಬಹುದು, ಮೊದಲು ತೆಗೆದಿಡಲೇ?’ ಎಂಬ ಒಂದು ಮಾತನ್ನು ಕೇಳದಿರುವುದು ಸರಿಯಲ್ಲ. ಆ ಮಾತನ್ನು ಕೇಳುವ ಹಕ್ಕು ತನಗಿದೆ ಎಂದು ಗಿರಾಕಿಗೆ ಗೊತ್ತಿಲ್ಲದಿರುವುದು ಇನ್ನೂ ದೊಡ್ಡ ಕೊರತೆ.

ಎರಡನೆಯದು ತಂತ್ರಾಂಶವೇ ಕೊಡುವ ಸಲಹೆ. ವಿಂಡೋಸ್ ತನಗೆ ಓದಲಾಗದ ವಿಭಾಗ ಕಂಡಾಗ ಅನೇಕ ಬಾರಿ ‘ಬಳಸುವ ಮುನ್ನ ಈ ಡಿಸ್ಕನ್ನು ಫಾರ್ಮ್ಯಾಟ್ ಮಾಡಬೇಕು’ ಎನ್ನುತ್ತದೆ. ‘ನನಗೆ ಓದಲು ಬರುವುದಿಲ್ಲ’ ಎಂಬುದು ನಿಜವಾದ ಹೇಳಿಕೆ. ‘ಆದ್ದರಿಂದ ಅಳಿಸು’ ಎಂಬುದು ಅದರಿಂದ ಹೊರಡುವ ತೀರ್ಮಾನವಲ್ಲ. ಉಪಕರಣದ ಮಿತಿಯನ್ನು ವಸ್ತುವಿನ ಅಭಾವವೆಂದು ತಿಳಿಯಬಾರದು ಎಂದು ನಾವು ತರಗತಿಯಲ್ಲಿ ಹೇಳುತ್ತೇವೆ. ಬರಿಗಣ್ಣಿಗೆ ಕಾಣದ್ದಕ್ಕೆ ಗುರುಗ್ರಹದ ಚಂದ್ರರು ಇಲ್ಲವೆಂದು ಹೇಳಲಾದೀತೆ? ಈ ವಿಷಯದಲ್ಲಿ ಗ್ರಬ್‌ನ ಒರಟು ಸಂದೇಶವೇ ಹೆಚ್ಚು ಪ್ರಾಮಾಣಿಕ. ವಿಭಾಗ ಸಿಗಲಿಲ್ಲ ಎಂದಷ್ಟೇ ಹೇಳಿ ಸುಮ್ಮನಾಗುತ್ತದೆ.

ಮೂರನೆಯದು ಕೈಯಿಂದ ಕೈಗೆ ಸಾಗುವ ಮಂತ್ರದಂಥ ಸಲಹೆ: ‘ವಿಂಡೋಸ್ ಸಿ.ಡಿ. ಹಾಕಿ ಫಿಕ್ಸ್ ಎಂಬಿಆರ್ ಕೊಡಿ’. ಹಳೆಯ ಕ್ರಮದ ಯಂತ್ರದಲ್ಲಿ ಇದು ಸರಿಯಾದ ಮದ್ದು. ಮೊದಲ ಸೆಕ್ಟರಿನ ಸಂಕೇತವನ್ನು ಮತ್ತೆ ಬರೆಯುತ್ತದೆ. ಆದರೆ ಯುಇಎಫ್ಐ ಕ್ರಮದಲ್ಲಿ ಓಡುವ ಯಂತ್ರ ಆ ಸಂಕೇತವನ್ನು ಓದುವುದೇ ಇಲ್ಲವಲ್ಲ! ಅಲ್ಲಿ ಎಷ್ಟೋ ಸಲ ಚಾಲನಾ ಆಯ್ಕೆಯ ಪಟ್ಟಿ ತೆರೆದು ‘ವಿಂಡೋಸ್ ಬೂಟ್ ಮ್ಯಾನೇಜರ್’ ಆರಿಸಿದರೆ ಸಾಕು. ಯಂತ್ರ ಯಾವ ಕ್ರಮದ್ದು ಎಂದು ಕೇಳದೆ ಕೊಡುವ ಆದೇಶ ಮಂತ್ರವೇ ಹೊರತು ವಿಜ್ಞಾನವಲ್ಲ.

ಹಾಗಾದರೆ ಮಾಡಬೇಕಾದ್ದೇನು?

ಮೊದಲ ನಿಯಮ, ಆ ಡಿಸ್ಕಿನ ಮೇಲೆ ಏನನ್ನೂ ಬರೆಯಬೇಡಿ. ಹೊಸ ವ್ಯವಸ್ಥೆ ಹಾಕಿದರೆ ಹತ್ತಾರು ಜಿಬಿ ಜಾಗದ ಮೇಲೆ ಹೊಸ ಬರಹ ಬೀಳುತ್ತದೆ. ಅದರಡಿ ಸಿಕ್ಕ ಹಳೆಯದು ಮರಳುವುದಿಲ್ಲ.

ಎರಡನೆಯದಾಗಿ, ಗೆಳೆಯರ ಯಂತ್ರದಲ್ಲಿ ಲಿನಕ್ಸ್ ಪೆನ್‌ಡ್ರೈವ್ ಸಿದ್ಧಪಡಿಸಿಕೊಂಡು ಅದರಿಂದ ಯಂತ್ರವನ್ನು ಚಾಲೂ ಮಾಡಿ. ‘ಇನ್‌ಸ್ಟಾಲ್’ ಒತ್ತದೆ ‘ಟ್ರೈ’ ಆರಿಸಿ. ಡಿಸ್ಕ್ ಕಾಣುತ್ತದೆಯೇ, ವಿಭಾಗಗಳು ಎಷ್ಟಿವೆ, ಕಡತಗಳು ತೆರೆಯುತ್ತವೆಯೇ ಎಂದು ನೋಡಿ. ತೆರೆದರೆ ಬೇಕಾದ್ದನ್ನು ಬೇರೆ ಡಿಸ್ಕಿಗೆ ನಕಲಿಸಿಕೊಳ್ಳಿ. ಇಷ್ಟಾದರೆ ಅರ್ಧ ಗೆದ್ದಂತೆ.

ಮೂರನೆಯದಾಗಿ, ಅಳಿದ ವಿಭಾಗ ಮರಳಿ ಬೇಕಿದ್ದರೆ ಫ್ರಾನ್ಸಿನ ಕ್ರಿಸ್ತೋಫ್ ಗ್ರೆನಿಯೆ ರಚಿಸಿದ ಟೆಸ್ಟ್‌ಡಿಸ್ಕ್ ಎಂಬ ಉಚಿತ ಮುಕ್ತ ತಂತ್ರಾಂಶವಿದೆ. ಅದು ಡಿಸ್ಕನ್ನು ಶೋಧಿಸಿ, ಪ್ರತಿ ಕಡತ ವ್ಯವಸ್ಥೆ ತನ್ನ ಆರಂಭದಲ್ಲಿ ಬಿಟ್ಟಿರುವ ಗುರುತುಗಳನ್ನು ಹುಡುಕುತ್ತದೆ. ಹದ್ದುಕಲ್ಲು ನೋಡಿ ಹೊಸ ಉತಾರ ಬರೆದಂತೆ ಕೋಷ್ಟಕವನ್ನು ಮತ್ತೆ ಕಟ್ಟುತ್ತದೆ. ಲಿನಕ್ಸ್ ಇದ್ದೂ ದಾರಿ ಮಾತ್ರ ತಪ್ಪಿದ್ದರೆ ಅದೇ ಪೆನ್‌ಡ್ರೈವಿನಿಂದ ಗ್ರಬ್ ಅನ್ನು ಮರುಸ್ಥಾಪಿಸಬಹುದು. ಲಿನಕ್ಸ್ ಬೇಡವೇ ಬೇಡ ಎಂದಾದರೆ, ಯಂತ್ರದ ಕ್ರಮಕ್ಕೆ ತಕ್ಕಂತೆ ಮೇಲೆ ಹೇಳಿದ ವಿಂಡೋಸ್ ಉಪಾಯ ಸಾಕು.

ಹೋಲಿಕೆಯ ಮಿತಿ

ಯಾವ ಹೋಲಿಕೆಯೂ ಪೂರ್ಣವಲ್ಲ. ಹೊಲ ಸುರಕ್ಷಿತ ಎಂಬ ಮಾತು ತಿರುಗುವ ಹಾರ್ಡ್ ಡಿಸ್ಕಿಗೆ ಚೆನ್ನಾಗಿ ಒಪ್ಪುತ್ತದೆ. ಹೊಸ ಲ್ಯಾಪ್‌ಟಾಪ್‌ಗಳ ಎಸ್ಎಸ್‌ಡಿಯಲ್ಲಿ ಫಾರ್ಮ್ಯಾಟ್ ಮಾಡಿದಾಗ ‘ಈ ಜಾಗ ಇನ್ನು ಬೇಡ’ ಎಂದು ತಿಳಿಸುವ ಟ್ರಿಮ್ ಎಂಬ ಆದೇಶ ಹೋಗುವುದುಂಟು. ಆಗ ಸಾಧನವೇ ಹಳೆಯದನ್ನು ತೆಗೆದುಹಾಕುತ್ತದೆ. ಯಾವ ಶೋಧವೂ ಫಲ ಕೊಡುವುದಿಲ್ಲ. ಹಾಗಾಗಿ ಎಸ್ಎಸ್‌ಡಿ ಇದ್ದವರಿಗೆ ‘ಫಾರ್ಮ್ಯಾಟ್ ಹೊಡೀರಿ’ ಎಂಬ ಸಲಹೆ ಇನ್ನಷ್ಟು ಅಪಾಯಕಾರಿ.

ವಿಭಾಗವನ್ನು ಸರಿಸುವಾಗಲೂ ಹೋಲಿಕೆ ನಿಲ್ಲುವುದಿಲ್ಲ. ಆಗ ಬದಲಾಗುವುದು ಕೋಷ್ಟಕ ಮಾತ್ರವಲ್ಲ. ದತ್ತಾಂಶವೆಲ್ಲ ಒಂದು ಜಾಗದಿಂದ ಇನ್ನೊಂದಕ್ಕೆ ನಕಲಾಗುತ್ತದೆ. ನಡುವೆ ಕರೆಂಟು ಹೋಗಿ, ಹಳೆಯ ಬ್ಯಾಟರಿಯೂ ಕೈಕೊಟ್ಟರೆ ಹಾನಿ ನಿಜವಾದದ್ದೇ. ನಮ್ಮ ಹಳ್ಳಿಗಳಲ್ಲಿ ಇದು ಪುಸ್ತಕದ ಎಚ್ಚರಿಕೆಯಲ್ಲ. ಇನ್ನು ಬಿಟ್‌ಲಾಕರ್ ಬೀಗ ಇರುವ ಯಂತ್ರಗಳು ಚಾಲನಾ ಏರ್ಪಾಡು ಬದಲಾದಾಗ 48 ಅಂಕೆಗಳ ಕೀಲಿಸಂಖ್ಯೆ ಕೇಳಬಹುದು. ವಿಭಾಗ ಮುಟ್ಟುವ ಮುನ್ನ ಅದನ್ನು ಕಾಗದದಲ್ಲಿ ಬರೆದಿಟ್ಟುಕೊಳ್ಳಿ.

ಪಾಠದಲ್ಲಿ ಇರಬೇಕಾದ ಪ್ರಯೋಗ

ನಮ್ಮ ತರಗತಿಗಳಲ್ಲಿ ‘ಹಾರ್ಡ್ ಡಿಸ್ಕ್ ಎಂದರೇನು?’ ಎಂಬುದು ಎರಡು ಅಂಕದ ಪ್ರಶ್ನೆ. ವಿದ್ಯಾರ್ಥಿ ವ್ಯಾಖ್ಯೆ ಬರೆದು ಅಂಕ ಪಡೆಯುತ್ತಾನೆ. ಡಿಸ್ಕಿನ ಮುಂದೆ ಕೂತಾಗ ಕೈಕಟ್ಟಿ ಕೂರುತ್ತಾನೆ. ಇದಕ್ಕೆ ದುಬಾರಿ ಪ್ರಯೋಗಾಲಯ ಬೇಕಿಲ್ಲ. ಒಂದು ಹಳೆಯ 8 ಜಿಬಿ ಪೆನ್‌ಡ್ರೈವ್ ತೆಗೆದುಕೊಳ್ಳಿ. ಲಿನಕ್ಸ್‌ನ ವಿಭಾಗ ಉಪಕರಣದಿಂದ ಅದರಲ್ಲಿ ಮೂರು ವಿಭಾಗ ಮಾಡಿ, ಪ್ರತಿಯೊಂದರಲ್ಲೂ ಹತ್ತು ಚಿತ್ರ ಇಡಿ. ಆರಂಭದ ಸೆಕ್ಟರು, ಉದ್ದ ಎರಡನ್ನೂ ವಿದ್ಯಾರ್ಥಿಗಳು ಪುಸ್ತಕದಲ್ಲಿ ಬರೆದುಕೊಳ್ಳಲಿ. ನಂತರ ನಡುವಿನ ವಿಭಾಗ ಅಳಿಸಿ. ‘ಚಿತ್ರಗಳು ಈಗ ಎಲ್ಲಿವೆ?’ ಎಂದು ಕೇಳಿ, ಉತ್ತರಗಳನ್ನು ಹಲಗೆಯ ಮೇಲೆ ಬರೆಯಿರಿ. ಆಮೇಲೆ ಟೆಸ್ಟ್‌ಡಿಸ್ಕ್ ಓಡಿಸಿ, ಸಿಕ್ಕ ಅಂಕೆಗಳನ್ನು ಪುಸ್ತಕದ ಅಂಕೆಗಳೊಡನೆ ಹೋಲಿಸಿ. ಊಹೆ, ವೀಕ್ಷಣೆ, ತಾಳೆ ಮೂರೂ ಒಂದೇ ಅವಧಿಯಲ್ಲಿ ಮುಗಿಯುತ್ತವೆ.

ಈ ಪ್ರಯೋಗವನ್ನು ಒಮ್ಮೆ ಮಾಡಿದ ವಿದ್ಯಾರ್ಥಿ ನಾಳೆ ಅಂಗಡಿಯ ಮುಂದೆ ನಿಂತಾಗ ‘ಫಾರ್ಮ್ಯಾಟ್’ ಎಂಬ ಮಾತಿಗೆ ತಲೆಯಾಡಿಸುವ ಮೊದಲು ‘ಯಾವ ಭಾಗ ಕೆಟ್ಟಿದೆ?’ ಎಂದು ಕೇಳುತ್ತಾನೆ. ಈ ವರ್ಷ ನಿಮ್ಮ ತರಗತಿಯಲ್ಲಿ ಒಂದು ಅವಧಿಯನ್ನು ಇದಕ್ಕೆ ಮೀಸಲಿಡಿ.