ಹೆಸರಿಲ್ಲದ ಹೆಂಡಿರು

ಸತ್ಯವೇದವೆಂದರೆ ಕ್ರೈಸ್ತರ ಗ್ರಂಥ ಎಂದು ನಮ್ಮಲ್ಲಿ ಅನೇಕರು ಬದಿಗಿಟ್ಟುಬಿಡುತ್ತೇವೆ. ಅದರ ಮೊದಲ ಭಾಗವಾದ ‘ಹಳೆಯ ಒಡಂಬಡಿಕೆ’ ಮೂಲತಃ ಯೆಹೂದ್ಯರದು, ಹೀಬ್ರೂ ಭಾಷೆಯದು. ಕನ್ನಡ ಪಾಠ ಹೇಳುವ ಟೀಚರಾದ ನನ್ನನ್ನು ಅದರಲ್ಲಿ ತಡೆದು ನಿಲ್ಲಿಸಿದ್ದು ನೆಹೆಮೀಯನ ಒಂದು ದೂರು. ಅನ್ಯನಾಡಿನ ಹೆಣ್ಣುಗಳನ್ನು ಮದುವೆಯಾದವರ ಮಕ್ಕಳಲ್ಲಿ ಅರ್ಧದಷ್ಟು ಜನ ಅಷ್ಡೋದಿನ ಮಾತಾಡುತ್ತಾರೆ, ಯೆಹೂದ್ಯರ ಭಾಷೆ ಅವರಿಗೆ ಬಾರದು ಎಂಬುದು ಅವನ ಸಂಕಟ.

ಕಲ್ಯಾಣ ನಗರದ ಯಾವ ಕನ್ನಡ ತಾಯಿಗೆ ಇದು ಅರ್ಥವಾಗದು? ನಮ್ಮ ಬೀದಿಯಲ್ಲಿ ತಮಿಳು, ಮಲಯಾಳ, ತೆಲುಗು, ಹಿಂದಿ ಎಲ್ಲವೂ ಕೇಳಿಸುತ್ತವೆ. ಮಕ್ಕಳು ಆಟಕ್ಕೆ ಸೇರಿದರೆ ಇಂಗ್ಲಿಷ್.

ಅವನ ಭಯಕ್ಕೆ ಕಾರಣವೂ ಇತ್ತು. ಕ್ರಿ.ಪೂ. 586ರ ಸುಮಾರಿಗೆ ಯೆರೂಸಲೇಮಿನ ದೇವಾಲಯ ಸುಟ್ಟು, ಜನ ಬಾಬಿಲೋನಿಗೆ ಸೆರೆಹೋಗಿದ್ದರು. ಅಲ್ಲಿಂದ ಮರಳಿದ ಸಣ್ಣ ಗುಂಪಿಗೆ ನಿಷ್ಠೆ ಸಡಿಲವಾದರೆ ಗುರುತೇ ಅಳಿಸೀತು ಎನ್ನಿಸಿದ್ದು ಸಹಜ. ಆದರೆ ಅವರು ಕಂಡುಕೊಂಡ ಮದ್ದು? ನೆಹೆಮೀಯ ಕೆಲವು ಗಂಡಸರನ್ನು ಹೊಡೆದ, ಕೂದಲು ಕಿತ್ತ. ಎಜ್ರನ ಗ್ರಂಥದಲ್ಲಿ ಇನ್ನೂ ಕಠಿಣ. ಮಳೆಯಲ್ಲಿ ನಡುಗುತ್ತ ಕುಳಿತ ಸಭೆ, ಅನ್ಯಕುಲದ ಹೆಂಡಿರನ್ನು ಬಿಟ್ಟುಬಿಡಲು ಒಪ್ಪುತ್ತದೆ. ಅವರಲ್ಲಿ ಮಕ್ಕಳ ತಾಯಂದಿರೂ ಇದ್ದರು. ಕೊನೆಗೆ ನೂರಕ್ಕೂ ಮಿಕ್ಕಿದ ಗಂಡಂದಿರ ಪಟ್ಟಿ ಇದೆ. ಹೆಂಡಿರ ಹೆಸರು ಒಂದೂ ಇಲ್ಲ. ಅವರು ಏನೆಂದರು, ಎಲ್ಲಿಗೆ ಹೋದರು ಎಂಬ ಮಾತೂ ಇಲ್ಲ.

ಇದೇ ಗ್ರಂಥರಾಶಿಯಲ್ಲಿ ನಾಲ್ಕೇ ಅಧ್ಯಾಯಗಳ ರೂತಳ ಕಥೆಯೂ ಇದೆ. ಎಜ್ರನ ಕಾಲದ ಕಟ್ಟುನಿಟ್ಟಿಗೆ ಇದು ಉತ್ತರವೆಂದು ಕೆಲವು ವಿದ್ವಾಂಸರ ಎಣಿಕೆ. ಮೋವಾಬ್ಯರು ಹತ್ತನೆಯ ತಲೆಮಾರಾದರೂ ಸಭೆಗೆ ಸೇರಬಾರದೆಂದು ಶಾಸ್ತ್ರದ ಕಟ್ಟಳೆ. ರೂತಳು ಮೋವಾಬಿನವಳೇ. ಗಂಡ ಸತ್ತ ಮೇಲೆ ತವರಿಗೆ ಹೋಗೆಂದರೂ ಕೇಳದೆ, ಅತ್ತೆ ನೊವೊಮಿಯ ಜನವನ್ನೂ ದೇವರನ್ನೂ ತನ್ನದಾಗಿಸಿಕೊಂಡು ಬೇತ್ಲೆಹೇಮಿಗೆ ಬರುತ್ತಾಳೆ. ಹೊಲದಲ್ಲಿ ಹಕ್ಕಲು ಆಯ್ದು ಅತ್ತೆಯನ್ನು ಸಾಕುತ್ತಾಳೆ. ಅವಳ ಮರಿಮಗನೇ ದಾವೀದ ರಾಜ.

ನಮ್ಮ ಹೆಣ್ಣುಮಕ್ಕಳಿಗೆ ಇದು ಹೊಸದಲ್ಲ. ಮದುವೆಯಾದೊಡನೆ ಮನೆದೇವರು, ಅಡಿಗೆಯ ರುಚಿ, ಕೆಲವೊಮ್ಮೆ ಹೆಸರೂ ಬದಲಾಗುತ್ತವೆ. ಅದನ್ನು ಯಾರೂ ರಾಜಿ ಎನ್ನುವುದಿಲ್ಲ, ಹೊಂದಿಕೆ ಎನ್ನುತ್ತಾರೆ. ಗಂಡಸು ಹೆಂಡತಿಯ ಕಡೆಗೆ ವಾಲಿದಾಗ ಮಾತ್ರ ಧರ್ಮಕ್ಕೆ ಗಂಡಾಂತರ!

ರೂತಳ ಕಥೆಯಲ್ಲೂ ಒಂದು ಕೊರತೆ ಕಾಣುತ್ತದೆ. ಕೊನೆಯ ಅಧ್ಯಾಯದಲ್ಲಿ ಅವಳದು ಒಂದು ಮಾತೂ ಇಲ್ಲ. ಹೆತ್ತವಳು ಅವಳು, ನೆರೆಯ ಹೆಂಗಸರು ಮಾತ್ರ ನೊವೊಮಿಗೆ ಮಗು ಹುಟ್ಟಿತೆನ್ನುತ್ತಾರೆ. ಏಳು ಗಂಡುಮಕ್ಕಳಿಗಿಂತ ಮಿಗಿಲೆಂದು ಹೊಗಳಿಸಿಕೊಂಡ ಸೊಸೆಯೂ ಇಷ್ಟು ಬೆಲೆ ತೆರಬೇಕಾಯಿತು.

ಆದರೂ ಎರಡನ್ನೂ ಅಳಿಸದೆ ಅಕ್ಕಪಕ್ಕದಲ್ಲಿ ಉಳಿಸಿಕೊಂಡದ್ದು ಆ ಪರಂಪರೆಯ ದೊಡ್ಡತನ. ನೆಹೆಮೀಯನ ಸಂಕಟ ನನ್ನದೂ ಹೌದು, ಅವನ ದಾರಿ ನನ್ನದಲ್ಲ. ಮಗುವಿಗೆ ತಂದೆಯ ಭಾಷೆ ಬಾರದಿದ್ದರೆ ತಂದೆಯೂ ಮನೆಯಲ್ಲಿ ಅದನ್ನು ಆಡಬೇಕು. ಹೊರಗಿನಿಂದ ಬಂದ ತಾಯಿಗೂ ಪ್ರೀತಿಯಿಂದ ಕಲಿಸಬೇಕು. ನಮ್ಮ ಬೀದಿಗೆ ಸೊಸೆಯಾಗಿ ಬಂದ ಮಲಯಾಳದ ಹುಡುಗಿಯೊಬ್ಬಳು ಅ ಆ ಇ ಈ ತಾನು ಕಲಿತು ಮಗನಿಗೆ ತಿದ್ದಿಸುತ್ತಾಳೆ. ಮಲಗಿಸುವಾಗ ತನ್ನ ಭಾಷೆಯಲ್ಲೇ ಜೋಗುಳ ಹಾಡುತ್ತಾಳೆ. ಅದರಿಂದ ಕನ್ನಡಕ್ಕೆ ಏನೂ ನಷ್ಟವಾಗಿಲ್ಲ.