ಅಗ್ಗದ ವಿಸಿಆರ್‌ನ ಗಟ್ಟಿತನ

ನಮ್ಮ ಮನೆಯ ವಿಸಿಆರ್ ಬಡವರ ಪಾಲಿನದು. ಎರಡೇ ಹೆಡ್, ಮಾನೋ ಸದ್ದು, ಪ್ಲಾಸ್ಟಿಕ್ ಮೈ. ಆದರೂ ಮುಚ್ಚಳ ಬಿಚ್ಚಿ ನೋಡಿದವರಿಗೆ ಅದರ ಬೆಲೆ ಮರೆತೇ ಹೋಗಬೇಕು. ಕ್ಯಾಸೆಟ್ ನುಂಗಿದೊಡನೆ ಎರಡು ಕಡ್ಡಿಗಳು ಟೇಪನ್ನು ಹೊರಗೆಳೆದು, ಹೆಡ್‌ಗಳನ್ನು ಹೊತ್ತು ಓರೆಯಾಗಿ ಕೂತ ಡ್ರಮ್ಮಿಗೆ ಸುತ್ತುತ್ತವೆ. ಟೇಪು ಸೆಕೆಂಡಿಗೆ ಎರಡು ಸೆಂಟಿಮೀಟರಿಗಿಂತ ತುಸು ಹೆಚ್ಚು ತೆವಳಿದರೆ, ಡ್ರಮ್ಮು ನಿಮಿಷಕ್ಕೆ 1500 ಸುತ್ತು ಹಾಕುತ್ತದೆ. ಇಷ್ಟು ನಾಜೂಕಿನ ಕೆಲಸವನ್ನು ಅಗ್ಗದ ಪೆಟ್ಟಿಗೆಯೂ ವರ್ಷಗಟ್ಟಲೆ ಮಾಡಿತಲ್ಲ!

ಕರೆಂಟು ಹೋದರೆ ಗಡಿಯಾರ ಸೊನ್ನೆಗೆ ಬಂದು ಮಿಣುಕುತ್ತಿತ್ತು. ಟೈಮರಿಗೆ ಹಾಕಿದ ಸಿನಿಮಾ ಗೋವಿಂದ. ಮಳೆಗಾಲದಲ್ಲಿ ಟೇಪಿಗೆ ಬೂಷ್ಟು ಹಿಡಿದು ಹೆಡ್ ಕಟ್ಟಿಕೊಂಡರೆ ತೆರೆಯ ತುಂಬ ಚುಕ್ಕೆ. ಸ್ಪಿರಿಟ್ಟಿನಲ್ಲಿ ಅದ್ದಿದ ಮೆತ್ತನೆಯ ಚರ್ಮವನ್ನು ಒತ್ತಿಹಿಡಿದು ಡ್ರಮ್ಮನ್ನಷ್ಟೇ ಮೆಲ್ಲಗೆ ತಿರುಗಿಸಬೇಕು. ಮೇಲೆ ಕೆಳಗೆ ಉಜ್ಜಿದಿರೋ, ಹೆಡ್ ಮುರಿದಂತೆಯೇ. ಹತ್ತಿಯಂತೂ ಬೇಡವೇ ಬೇಡ, ಎಳೆ ಸಿಕ್ಕಿಕೊಳ್ಳುತ್ತದೆ.

ಕೊನೆಯವರೆಗೂ ವಿಸಿಆರ್ ತಯಾರಿಸುತ್ತಿದ್ದ ಜಪಾನಿನ ಫುನಾಯ್ ಕಂಪನಿ 2016ರಲ್ಲಿ ಆ ಕೆಲಸ ನಿಲ್ಲಿಸಿತು. ಮದುವೆ, ಮುಂಜಿಯ ಕ್ಯಾಸೆಟ್‌ಗಳು ಅಟ್ಟದಲ್ಲಿದ್ದರೆ, ನಡೆಯುವ ಯಂತ್ರವೊಂದು ಸಿಕ್ಕಾಗಲೇ ಕಂಪ್ಯೂಟರಿಗೆ ಇಳಿಸಿಕೊಳ್ಳಿ.