ತೆರೆದ ಬಾಗಿಲು, ಮುಚ್ಚಿದ ಬಾಯಿ

ನ್ಯಾಯಾಲಯದ ಬಾಗಿಲು ತೆರೆದಿದ್ದ ಮಾತ್ರಕ್ಕೆ ವಿಚಾರಣೆ ಬಹಿರಂಗವಾಯಿತೆ? ಈ ಪ್ರಶ್ನೆಯನ್ನು ಇಬ್ಬರು ಕಾದಂಬರಿಕಾರರು ಕಾನೂನಿನ ಗ್ರಂಥಗಳಿಗೆ ಎಟುಕದ ರೀತಿಯಲ್ಲಿ ಎತ್ತಿದ್ದಾರೆ.

ಕಾಫ್ಕಾನ ‘ದಿ ಟ್ರಯಲ್’ (1925) ಗುಟ್ಟಿನ ನ್ಯಾಯಾಲಯದ ಕಥೆಯೆನ್ನುವುದು ವಾಡಿಕೆ. ಅದನ್ನು ನಾನು ಪೂರ್ತಿ ಒಪ್ಪಲಾರೆ. ಜೋಸೆಫ್ ಕೆ.ಯ ಮೊದಲ ವಿಚಾರಣೆ ನಡೆಯುವುದು ಜನ ಕಿಕ್ಕಿರಿದ ಕೋಣೆಯಲ್ಲಿ. ಸಭಿಕರಲ್ಲಿ ಕೆಲವರಾದರೂ ತನ್ನ ಪಕ್ಷದವರೆಂದು ನಂಬಿ ಆತ ಆವೇಶದಿಂದ ಮಾತನಾಡುತ್ತಾನೆ. ಕೊನೆಗೆ ನೋಡಿದರೆ ಎಲ್ಲರ ಕೊರಳಪಟ್ಟಿಯ ಮೇಲೂ ಒಂದೇ ಬಗೆಯ ಬಿಲ್ಲೆ. ಸಭೆಯೆಲ್ಲ ನ್ಯಾಯಾಲಯಕ್ಕೇ ಸೇರಿದ್ದು! ತನ್ನ ಮೇಲಿನ ಆಪಾದನೆ ಏನೆಂಬುದು ಸಾಯುವ ತನಕ ಅವನಿಗೆ ತಿಳಿಯುವುದಿಲ್ಲ.

ಆರ್ಥರ್ ಕೋಸ್ಲರ್‌ನ ‘ಡಾರ್ಕ್‌ನೆಸ್ ಅಟ್ ನೂನ್’ (1940) ಮಾಸ್ಕೋ ವಿಚಾರಣೆಗಳಿಂದ ಹುಟ್ಟಿದ ಕೃತಿ. ಮುಖಂಡನ ಕೊಲೆಗೆ ಸಂಚು ಹೂಡಿದನೆಂಬುದು, ಇಂದಿನ ಮಾತಿನಲ್ಲಿ ಭಯೋತ್ಪಾದನೆ, ರುಬಾಷೋವ್‌ನ ಮೇಲಿನ ಆಪಾದನೆ. ಕಣ್ಣು ಕುಕ್ಕುವ ದೀಪದೆದುರು ನಿದ್ದೆಗೆಡಿಸಿ ತಪ್ಪೊಪ್ಪಿಗೆ ಪಡೆಯುತ್ತಾರೆ. ಆಮೇಲಿನ ವಿಚಾರಣೆ ಮಾತ್ರ ಬಹಿರಂಗ. ಅದರ ವರದಿಯನ್ನು ಮುದುಕ ದ್ವಾರಪಾಲಕನಿಗೆ ಮಗಳು ಪತ್ರಿಕೆಯಿಂದ ಓದಿ ಹೇಳುವ ಭಾಗ ಕಾದಂಬರಿಯಲ್ಲೇ ಶ್ರೇಷ್ಠವೆಂದು ನನ್ನ ಎಣಿಕೆ. ಆದರೆ ತಪ್ಪೊಪ್ಪಿಗೆಗೆ ನಾಯಕನ ತರ್ಕವೇ ಕಾರಣವೆಂಬಂತೆ ಬರೆಯುವಾಗ ಕೋಸ್ಲರ್ ಆ ದೀಪವನ್ನು ತುಸು ಮರೆಮಾಡುತ್ತಾನೆ. ಕಾಫ್ಕಾ ಇಂಥ ಸಮಾಧಾನವನ್ನು ಓದುಗನಿಗೆ ಕೊಡುವುದಿಲ್ಲ.

ಇವು ದೂರದ ಕಥೆಗಳಲ್ಲ. 2008ರ ಮುಂಬಯಿ ದಾಳಿಯ ಮೊಕದ್ದಮೆ ಆರ್ಥರ್ ರೋಡ್ ಸೆರೆಮನೆಯೊಳಗಿನ ವಿಶೇಷ ನ್ಯಾಯಾಲಯದಲ್ಲಿ, ಪತ್ರಕರ್ತರ ಎದುರಿಗೇ ನಡೆಯಿತು. ಕಸಬ್‌ಗೆ ವಕೀಲರನ್ನು ಗೊತ್ತುಮಾಡಿದಾಗ “ಇಂಥವನಿಗೇಕೆ ವಕೀಲ?” ಎಂದವರು ಬಹಳ ಮಂದಿ. 2010ರಲ್ಲಿ ಅವನಿಗೆ ಮರಣದಂಡನೆಯಾಯಿತು. ಅದೇ ತೀರ್ಪು, ಅವನ ಜೊತೆ ಆಪಾದಿತರಾಗಿದ್ದ ಇಬ್ಬರು ಭಾರತೀಯರನ್ನು ಸಾಕ್ಷ್ಯ ಸಾಲದೆಂದು ಆರೋಪಮುಕ್ತಗೊಳಿಸಿತು. 2012ರಲ್ಲಿ ಸುಪ್ರೀಂ ಕೋರ್ಟು ಎರಡನ್ನೂ ಎತ್ತಿಹಿಡಿಯಿತು. ವಕೀಲ ಬೇಡವೆಂದವರ ಮಾತು ನಡೆದಿದ್ದರೆ ಆ ಇಬ್ಬರ ಗತಿ ಏನಾಗುತ್ತಿತ್ತು? ಶಂಕಿತನೂ ಅಪರಾಧಿಯೂ ಒಬ್ಬನೇ ಎಂದು ಮೊದಲೇ ತೀರ್ಮಾನಿಸಿದರೆ ವಿಚಾರಣೆಗೆ ಅರ್ಥವೇ ಉಳಿಯದು.

2008ರ ರಾಷ್ಟ್ರೀಯ ತನಿಖಾ ಸಂಸ್ಥೆಯ ಕಾಯಿದೆಯ ಪ್ರಕಾರ ವಿಶೇಷ ನ್ಯಾಯಾಲಯ ಕಾರಣ ಬರೆದಿಟ್ಟು ಬಾಗಿಲು ಮುಚ್ಚಬಹುದು. ಸಾಕ್ಷಿಗಳ ಪ್ರಾಣರಕ್ಷಣೆಗೆ ಇದು ಕೆಲವೊಮ್ಮೆ ಅಗತ್ಯವೆಂಬುದನ್ನು ಅಲ್ಲಗಳೆಯಲಾಗದು; ಅಭ್ಯಾಸವಾಗಬಾರದು ಅಷ್ಟೆ. ಭಯೋತ್ಪಾದನೆಯ ಆಪಾದಿತನಿಗೂ ಬಂಧನದ ಕಾರಣವನ್ನು ಬರಹದಲ್ಲೇ ಕೊಡಬೇಕೆಂದು ಸುಪ್ರೀಂ ಕೋರ್ಟು 2024ರಲ್ಲಿ ಹೇಳಿತು. ಜೋಸೆಫ್ ಕೆ.ಗೆ ಸಿಗದೆ ಹೋದದ್ದು ಅಂಥ ಒಂದು ಹಾಳೆ.

ಉಳಿದದ್ದು ಸಭಿಕರ ಹೊಣೆ. ಆ ದ್ವಾರಪಾಲಕನ ಮಗಳಂತೆ ನಾವೂ ವಿಚಾರಣೆಯನ್ನು ಪತ್ರಿಕೆಯಲ್ಲಿ ಓದುವವರೇ. ಓದುವಾಗ ನಮ್ಮ ಕೊರಳಪಟ್ಟಿಯ ಮೇಲೆ ಬಿಲ್ಲೆ ಇದೆಯೇ ಎಂದು ಒಮ್ಮೆ ಮುಟ್ಟಿ ನೋಡಿಕೊಳ್ಳುವುದು ಒಳ್ಳೆಯದು.